ಕರೆಂಟು ಹೋದ ಮೇಲಿನ ಹನ್ನೊಂದು ನಿಮಿಷ

ಹುಬ್ಬಳ್ಳಿ,
ಅಧಿಕ ಮೇ ೯, ೨೧೯೭

ಎಸ್ತೇರಜ್ಜಿಗೆ, ನಿನ್ನ ಮರಿಮೊಮ್ಮಗಳ ಮಗಳು ನವೋಮಿ ದೊಡ್ಡಮನಿ ಮಾಡುವ ನಮಸ್ಕಾರ.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಪತ್ರ ಎಸೆಯಬೇಡ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಾದಾಗ ನಮ್ಮ ಹಿರಿಯರು ಮೇ ತಿಂಗಳಿಗೊಂದು ಅಧಿಕ ಮಾಸ ಸೇರಿಸಿದರು. ಅದರಿಂದ ಸೆಕೆ ಕಡಿಮೆಯಾಗಲಿಲ್ಲ, ಕ್ಯಾಲೆಂಡರಿನಲ್ಲಿ ಒಂದು ಹಾಳೆ ಹೆಚ್ಚಾಯಿತು ಅಷ್ಟೆ. ನನ್ನ ಕೆಲವು ಶಬ್ದಗಳು ನಿನಗೆ ವಿಚಿತ್ರವಾಗಿ ಕಂಡಾವು, ಕ್ಷಮಿಸು. ನಿನ್ನನ್ನು ಹೇಗೆ ಕರೆಯುವುದು ಎಂಬುದೇ ನನಗೊಂದು ಪೇಚು. ವರಸೆಯಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ, ಆದರೆ ಈ ಪತ್ರ ನಿನ್ನ ಕೈ ಸೇರುವ ದಿನ ನಿನಗೆ ಇಪ್ಪತ್ತೆರಡು, ನನಗೆ ಎಪ್ಪತ್ತೊಂದು. ಹಾಗಾಗಿ ಕರೆಯುವುದು ಅಜ್ಜಿ ಎಂದೇ ಆದರೂ ನಡುನಡುವೆ ಗದರಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಮ್ಮಲ್ಲಿ ಹಿಂದಂಚೆ ಎಂಬುದೊಂದು ಇದೆ. ಹಳೆಯ ದಿನಗಳಿಗೆ ಕಾಗದ ಮುಟ್ಟಿಸುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ, ಅದೂ ಒಂದು ಲಕೋಟೆಯಷ್ಟು. ಹೆಚ್ಚಿನವರು ಅದನ್ನು ಸತ್ತ ತಾಯಿಗೆ ಬರೆಯುತ್ತಾರೆ. ನನ್ನ ಗಂಡ ತಾನು ಹುಡುಗನಿದ್ದಾಗ ಕಳೆದುಹೋದ ನಾಯಿ ಯಾವ ಗಲ್ಲಿಯಲ್ಲಿದೆ ಎಂದು ತನಗೇ ಬರೆದುಕೊಂಡ, ನಾಯಿ ಸಿಕ್ಕಿತಂತೆ. ನಾನು ಮಾತ್ರ ನನ್ನ ಪತ್ರವನ್ನು ಐವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಇವತ್ತು ಅದನ್ನು ನಿನಗೆ ಖರ್ಚು ಮಾಡುತ್ತಿದ್ದೇನೆ, ಯಾಕೆಂದು ಹೇಳುತ್ತೇನೆ.

ಮೊದಲು ನಮ್ಮ ಕಿವಿಯ ವಿಷಯ. ಇಲ್ಲಿ ಎಲ್ಲರ ಕಿವಿಯಲ್ಲೂ ಕಡಲೆಕಾಳಿನಷ್ಟು ದೊಡ್ಡ ಕಿವಿಮಣಿ ಇರುತ್ತದೆ. ಹಾಡು, ಸುದ್ದಿ, ಪ್ರಾರ್ಥನೆ ಎಲ್ಲವೂ ಅದರೊಳಗೇ. ಒಂದೇ ಜಮಖಾನೆಯ ಮೇಲೆ ಕೂತ ನಾಲ್ವರು ನಾಲ್ಕು ಬೇರೆ ಬೇರೆ ಹಾಡು ಕೇಳುತ್ತಾ ರೊಟ್ಟಿ ತಿನ್ನುತ್ತಾರೆ, ಒಬ್ಬರ ತಲೆ ಒಂದು ತಾಳಕ್ಕೆ ಆಡಿದರೆ ಇನ್ನೊಬ್ಬರದು ಇನ್ನೊಂದಕ್ಕೆ. ನಲವತ್ತು ವರ್ಷ ಆ ಮಣಿಗಳನ್ನು ರಿಪೇರಿ ಮಾಡಿದವಳು ನಾನೇ. ಗದಗ ರಸ್ತೆಯ ನಮ್ಮ ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಮಣಿಗೆ ಬರುವ ಪ್ರತಿಯೊಂದು ಹಾಡೂ ತಿಳಿ ಇಲಾಖೆಯಿಂದ ಹಾದು ಬರಬೇಕು. ಕೆಮ್ಮು, ಗಲಾಟೆ, ತಪ್ಪಿದ ತಾಳ, ಒಡೆದ ದನಿ ಎಲ್ಲವನ್ನೂ ತೆಗೆದು ಸಾರಿನ ತಿಳಿಯಂತೆ ಮೇಲಿನದನ್ನಷ್ಟೇ ಬಸಿದು ಕೊಡುವವರು ಅವರು. ತಳದಲ್ಲಿ ಉಳಿದ ಬೇಳೆಯನ್ನು ಚೆಲ್ಲುತ್ತಾರೆ. ಅಡುಗೆ ಗೊತ್ತಿಲ್ಲದವರ ಕೆಲಸ ಎಂದು ನಾನು ಅವರ ಎದುರಿಗೇ ಹೇಳಿದ್ದೇನೆ.

ಆದರೆ ನಮ್ಮ ಮನೆಯಲ್ಲಿ ತಿಳಿಯಾಗದ ಒಂದು ವಸ್ತು ಉಳಿದಿದೆ. ನಿನ್ನ ೨೦೨೬ರ ಮೇ ತಿಂಗಳ ಒಂದು ಭಾನುವಾರ ಸಂಜೆ, ಕಾಲೇಜು ಮೈದಾನದಲ್ಲಿ ನಡೆದ 'ಗೂಡ್ಸ್ ಶೆಡ್' ರಾಕ್ ಬ್ಯಾಂಡಿನ ಕಾರ್ಯಕ್ರಮ. ಜನರ ನಡುವೆ ನಿಂತು ನೀನೇ ಫೋನಿನಲ್ಲಿ ಹಿಡಿದದ್ದು. ಹಾಡು ಶುರುವಾಗಿ ಎರಡು ನಿಮಿಷಕ್ಕೆ ಕರೆಂಟು ಹೋಗುತ್ತದೆ. ಗಿಟಾರು ಸತ್ತಿತು, ಮೈಕು ಸತ್ತಿತು. ಹಾಡುತ್ತಿದ್ದ ಜುಬೇದಾಳ ಬಾಯಿ ಮಾತ್ರ ಆಡುತ್ತಿರುತ್ತದೆ, ದನಿ ಕೇಳುವುದಿಲ್ಲ. ಡ್ರಮ್ಮಿನ ಮಹಾಂತೇಶ ನಿಲ್ಲಿಸುವುದಿಲ್ಲ. ಆಗ ಮುಂದಿದ್ದವರು ಜುಬೇದಾಳ ಬಾಯಿ ನೋಡಿ ಹಾಡುತ್ತಾರೆ, ಅವರನ್ನು ಕೇಳಿ ಹಿಂದಿದ್ದವರು ಹಾಡುತ್ತಾರೆ. ಹೀಗೆ ಹನ್ನೊಂದು ನಿಮಿಷ. ಅದರ ಮಧ್ಯೆ ಮಹಾಂತೇಶನ ಕೈಯಿಂದ ಕೋಲು ಜಾರಿ ಬೀಳುತ್ತದೆ. ಅವನು ಬಗ್ಗಿ ಹುಡುಕುವಷ್ಟರಲ್ಲಿ ತಾಳ ತಪ್ಪಬಾರದೆಂದು ಮೈದಾನದ ಜನ ಮೂರು ಚಪ್ಪಾಳೆ ಹೊಡೆದು ಆ ಜಾಗ ತುಂಬುತ್ತಾರೆ. ಅಲ್ಲಿಂದ ಮುಂದೆ ಆ ಸಾಲು ಬಂದಾಗಲೆಲ್ಲ ಚಪ್ಪಾಳೆ ಮೂರು. ಕೋಲು ಸಿಕ್ಕಿದ ಮೇಲೂ ಮಹಾಂತೇಶ ಆ ಜಾಗವನ್ನು ಜನರಿಗೇ ಬಿಟ್ಟುಕೊಡುತ್ತಾನೆ. ಕೊನೆಗೆ ಕರೆಂಟು ಬಂದು, ಹಾಡು ಮುಗಿದು, ಫೋನಿನ ಹತ್ತಿರದಿಂದ ನಿನ್ನ ದನಿ ಬರುತ್ತದೆ:

"ಅಯ್ಯ ಸುಡ್ಲಿ, ಎಲ್ಲಾ ಹಾಳಾತು! ಮನೀಗೆ ಹೋಗಿ ಮೊದ್ಲ ಇದನ್ನ ಅಳಿಸಿ ಬಿಡ್ತೇನಿ."

ಅಧಿಕ ಮೇ ತಿಂಗಳ ಮೊದಲ ಭಾನುವಾರ ನಾವೆಲ್ಲ ಕಿವಿಮಣಿ ತೆಗೆದು ಒಂದು ವಾಟಗದಲ್ಲಿ ಹಾಕಿ, ಕದ ಮುಚ್ಚಿ, ಗೋಡೆಯ ಮೇಲೆ ಇದನ್ನು ನೋಡುತ್ತೇವೆ. ನನ್ನ ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿ. ನಿನ್ನ ಪಕ್ಕದಲ್ಲಿ ಯಾರೋ ಗಿರ್ಮಿಟ್ ತಿನ್ನುವ ಕರಮ್ ಕರಮ್ ಸಪ್ಪಳ ಆ ಹನ್ನೊಂದು ನಿಮಿಷದ ತುಂಬ ಕೇಳುತ್ತದೆ. ಅದಕ್ಕೇ ನಮ್ಮಲ್ಲಿ ಕರೆಂಟು ಹೋಗುವವರೆಗೆ ಗಿರ್ಮಿಟ್ ತಟ್ಟೆಗೆ ಯಾರೂ ಕೈ ಹಾಕುವಂತಿಲ್ಲ. ಕೋಲು ಬಿದ್ದಾಗ ಮೂರು ಚಪ್ಪಾಳೆ. ಕೊನೆಗೆ ನಿನ್ನ ಮಾತನ್ನು ಮನೆಯವರೆಲ್ಲ ನಿನ್ನೊಂದಿಗೇ ಹೇಳಿ ಬಿದ್ದುಬಿದ್ದು ನಗುತ್ತೇವೆ. ನಿನ್ನ ಮುಖ ನಾವು ಯಾರೂ ನೋಡಿಲ್ಲ. ಚಿತ್ರ ಹಿಡಿದವಳು ಚಿತ್ರದಲ್ಲಿ ಬರುವುದಿಲ್ಲವಲ್ಲ. ನಿನ್ನದೆಂದು ಈ ಭೂಮಿಯ ಮೇಲೆ ಉಳಿದಿರುವುದು ಆ ಒಂದು ಮಾತು, ಮತ್ತು ನಾವು.

ಕಳೆದ ತಿಂಗಳು ಇಲಾಖೆಯ ಆದೇಶ ಬಂತು. ಹಳೆಯ ಹಿಡಿತಗಳನ್ನೆಲ್ಲ, ಅಂದರೆ ನೀವು ರೆಕಾರ್ಡಿಂಗ್ ಎನ್ನುವುದನ್ನೆಲ್ಲ, ಅಧಿಕ ಮೇ ೯ರೊಳಗೆ ಒಪ್ಪಿಸಬೇಕು, ತಿಳಿ ಮಾಡಿದ ಪ್ರತಿ ವಾಪಸು ಕೊಡುತ್ತಾರೆ, ಮೂಲವನ್ನು ಅಳಿಸುತ್ತಾರೆ. ಹೋದ ವಾರ ಚಿದಂಬರ ಎಂಬ ತಿಳಿಗಾರ ಮನೆಗೇ ಬಂದ. ಕೆಟ್ಟ ಮನುಷ್ಯನಲ್ಲ, ಚಪ್ಪಲಿ ಹೊರಗೆ ಬಿಟ್ಟು ಬಂದ, ಕೊಟ್ಟ ಮಜ್ಜಿಗೆ ಕುಡಿದ. ಇಲಾಖೆಯ ದಾಖಲೆಯಲ್ಲಿದ್ದ ನಮ್ಮ ಹಾಡಿನ ಒಂದು ಹಳೆಯ ಪ್ರತಿಯನ್ನು ತಾನೇ ತಿಳಿ ಮಾಡಿ ತಂದಿದ್ದ. ನೋಡಿದರೆ ನೀವೇ ಒಪ್ಪುತ್ತೀರಿ ಎಂದು ನಮ್ಮನ್ನೆಲ್ಲ ಕೂರಿಸಿ ಗೋಡೆಯ ಮೇಲೆ ಹಾಕಿದ.

ಅಜ್ಜಿ, ಅದು ಚೆಂದವೇ ಇತ್ತು. ಸುಳ್ಳು ಹೇಳುವುದಿಲ್ಲ. ನಾಲ್ಕು ನಿಮಿಷದ ಹಾಡು. ಕರೆಂಟು ಹೋಗಲಿಲ್ಲ, ಗಿಟಾರು ನಿಲ್ಲಲಿಲ್ಲ, ಜುಬೇದಾಳ ದನಿ ಜೇನಿನಂತೆ ಹರಿಯಿತು, ಮಹಾಂತೇಶನ ಕೋಲು ಕೈಯಲ್ಲೇ ಇತ್ತು. ಆ ಸಾಲು ಬಂತು. ನಾವು ಹದಿನಾಲ್ಕು ಜನ, ನನ್ನ ತಮ್ಮನ ಎರಡು ವರ್ಷದ ಮೊಮ್ಮಗಳೂ ಸೇರಿ, ಒಬ್ಬರನ್ನೊಬ್ಬರು ನೋಡದೆ ಮೂರು ಚಪ್ಪಾಳೆ ಹೊಡೆದೆವು. ಡ್ರಮ್ಮಿನ ಮೇಲೆ ಚಪ್ಪಾಳೆ ಬಿದ್ದು ತಾಳವೆಲ್ಲ ಕಲಸಿಹೋಯಿತು. ಚಿದಂಬರ ಬೆಚ್ಚಿಬಿದ್ದು ಹಾಡು ನಿಲ್ಲಿಸಿದ.

"ಯಾಕ್ರೀ ಚಪ್ಪಾಳಿ ಹೊಡದ್ರಿ? ಅಲ್ಲೇನೂ ಇಲ್ಲಲ್ರಿ!"

"ಅಲ್ಲೆ ಕೋಲು ಬಿದ್ದೈತಲ್ಲೋ ತಮ್ಮಾ," ಎಂದೆ. "ನಿನಗ ಕಾಣವಲ್ದೇನು?"

"ಅಮ್ಮಾರ, ಆ ಹನ್ನೊಂದು ನಿಮಿಷದಾಗ ಸಂಗೀತನ ಇಲ್ರಿ. ಬರೇ ಗದ್ಲ. ಕಡೀಗೆ ಯಾರೋ ಒಬ್ಬಾಕಿ ಒದರತಾಳ, ಅದನ್ನೂ ತಗದೇನಿ."

ಯಾರೋ ಒಬ್ಬಾಕಿ! ಆ ಯಾರೋ ಒಬ್ಬಾಕಿ ನನ್ನ ಅಜ್ಜಿಯ ಅಜ್ಜಿ, ಆಕೆ ಒದರದೆ ಇದ್ದಿದ್ದರೆ ಈ ಮನೆಯಲ್ಲಿ ನಗುವುದಕ್ಕೆ ಏನೂ ಇರುತ್ತಿರಲಿಲ್ಲ ಎಂದು ಹೇಳಿದೆ. ಕೊಡುವುದಿಲ್ಲ ಎಂದೂ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು, ಒಂಬತ್ತನೆಯ ತಾರೀಖು ಸಂಜೆ ಐದಕ್ಕೆ ತಾನು ಬರಲೇಬೇಕಾಗುತ್ತದೆ, ಕೊಡದಿದ್ದರೆ ನನ್ನ ಅಂಗಡಿಯ ಪರವಾನಗಿ ಹೋಗುತ್ತದೆ, ಮೂಲವನ್ನು ಹೇಗೂ ಅಳಿಸುತ್ತಾರೆ ಎಂದ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವನ ಬೆರಳು ಕದದ ಮೇಲೆ ಮೂರು ಸಲ ಬಡಿದದ್ದನ್ನು ನಾನು ನೋಡಿದೆ. ಅವನಿಗೇ ಗೊತ್ತಾಗಲಿಲ್ಲ.

ಆವತ್ತಿನಿಂದ ರಿಪೇರಿಗೆ ಬಂದ ಪ್ರತಿಯೊಬ್ಬರನ್ನೂ ಕೇಳಿದ್ದೇನೆ: ನನ್ನ ಹತ್ತಿರ ತಿಳಿಯಾಗದ ಹನ್ನೊಂದು ನಿಮಿಷದ ಹಾಡು ಇದೆ, ತಪ್ಪೇ ತುಂಬಿದೆ, ಸಿಕ್ಕಿಬಿದ್ದರೆ ತೊಂದರೆ, ನಿಮ್ಮ ಮಣಿಯಲ್ಲಿ ಹಾಕಲೇ? ಬೇಡ ಎಂದವರ ಮಣಿಯನ್ನು ಹಾಗೇ ರಿಪೇರಿ ಮಾಡಿ ಕೊಟ್ಟೆ. ಬೇಡ ಎಂದವರು ಕಡಿಮೆ. ಕೊಪ್ಪೀಕರ ರಸ್ತೆಯ ಒಬ್ಬ ಅಜ್ಜ ತನಗೊಂದು, ತನ್ನೊಂದಿಗೆ ಮಾತು ಬಿಟ್ಟ ಮಗನಿಗೊಂದು ಹಾಕಿಸಿಕೊಂಡು ಹೋದ. ಎಲ್ಲರಿಗೂ ಹೇಳಿದ್ದು ಒಂದೇ: ಒಂಬತ್ತನೆಯ ತಾರೀಖು ಸಂಜೆ ಐದಕ್ಕೆ ಮನೆಯ ಹೊರಗೆ ಬಂದು ನಿಂತು ಕೇಳಿ. ಒಬ್ಬೊಬ್ಬರ ಕಿವಿಯಲ್ಲಿ ಬೇರೆಯಾಗಿ ನುಡಿದರೂ ಚಪ್ಪಾಳೆ ಬೀದಿಯಲ್ಲಿ ಒಟ್ಟಿಗೇ ಬೀಳಬೇಕು. ಪರವಾನಗಿ ಹೋದರೆ ಹೋಗಲಿ. ನಲವತ್ತು ವರ್ಷ ಜನರನ್ನು ಬೇರೆ ಬೇರೆ ಕೂರಿಸುವ ಮಣಿ ರಿಪೇರಿ ಮಾಡಿದವಳಿಗೆ ಇದೊಂದು ಪ್ರಾಯಶ್ಚಿತ್ತ ಎಂದುಕೊಂಡಿದ್ದೇನೆ.

ಇನ್ನು ನಿನ್ನ ಪಾಲಿನ ಕೆಲಸ. ಅಳಿಸುತ್ತೇನೆ ಎಂದವಳು ನೀನು ಯಾಕೆ ಅಳಿಸಲಿಲ್ಲ ಎಂಬುದು ನಮ್ಮ ಮನೆಯ ಹಳೆಯ ಜಗಳ. ಮರೆತಿರಬೇಕು ಎನ್ನುತ್ತಿದ್ದಳು ಅಮ್ಮ. ಸೋಮಾರಿತನ, ನಮ್ಮ ವಂಶಕ್ಕೇ ಇದೆ ಎನ್ನುತ್ತಿದ್ದಳು ಅಜ್ಜಿ. ಇರಬಹುದು. ಆದರೆ ಮರೆವು, ಸೋಮಾರಿತನಗಳನ್ನು ನಂಬಿ ಇಷ್ಟು ದೊಡ್ಡದನ್ನು ಬಿಡುವ ಹೆಂಗಸು ನಾನಲ್ಲ. ಅದಕ್ಕೇ ನನ್ನ ಒಂದೇ ಒಂದು ಪತ್ರವನ್ನು ಆ ಭಾನುವಾರ ನೀನು ಮೈದಾನದಿಂದ ಮನೆಗೆ ಬಂದು, ಕೈಕಾಲು ತೊಳೆದು, ಫೋನು ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ ಬರುವಂತೆ ಹಾಕುತ್ತಿದ್ದೇನೆ.

ಈಗ ನಿನ್ನ ಹೆಬ್ಬೆರಳು ಎಲ್ಲಿದೆ ಎಂದು ನನಗೆ ಗೊತ್ತು. ತೆಗಿ ಅಲ್ಲಿಂದ. ಏನೂ ಹಾಳಾಗಿಲ್ಲ. ನಿನಗೆ ಬೇಸರ ತಂದದ್ದೇ ನಮಗೆ ಉಳಿದದ್ದು. ಆ ಹಾಡನ್ನು ನಿನ್ನ ಅಮ್ಮನಿಗೆ ತೋರಿಸು, ನಾಳೆ ಗೆಳತಿಯರಿಗೆ ತೋರಿಸು, ಮುಂದೆ ಮಕ್ಕಳಾದರೆ ಅವರನ್ನು ಮುಂದೆ ಕೂರಿಸಿಕೊಂಡು ತೋರಿಸು. ಅವರು ಕೇಳದಿದ್ದರೆ ಗಿರ್ಮಿಟ್ಟಿನ ಆಸೆ ತೋರಿಸಿ ಕೂರಿಸು, ಅದು ಯಾವ ಕಾಲದಲ್ಲೂ ನಡೆಯುತ್ತದೆ.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿದೆ. ಚಿದಂಬರ ಗೇಟಿನ ಹತ್ತಿರ ಬಂದು ನಿಂತಿದ್ದಾನೆ, ಒಳಗೆ ಬರುತ್ತಿಲ್ಲ. ಬೀದಿಯ ಎರಡೂ ಬದಿಗೆ ಜನ ಹೊರಗೆ ಬರುತ್ತಿದ್ದಾರೆ, ಕೊಪ್ಪೀಕರ ರಸ್ತೆಯ ಅಜ್ಜನೂ ಬಂದಿದ್ದಾನೆ, ಅವನ ಪಕ್ಕದಲ್ಲಿ ಮಗ ನಿಂತಿದ್ದಾನೆ. ನಾನು ಕದ, ಕಿಟಕಿ ಎಲ್ಲ ತೆಗೆದಿದ್ದೇನೆ. ಮೂಲ ಪ್ರತಿ ನನ್ನ ಸೆರಗಿನ ಗಂಟಿನಲ್ಲಿದೆ, ಬಿಚ್ಚಿಕೊಳ್ಳುವ ಧೈರ್ಯ ಇದ್ದವರು ಬರಲಿ. ಪತ್ರ ಇಲ್ಲಿಗೆ ಮುಗಿಸುತ್ತೇನೆ ಅಜ್ಜಿ, ಎರಡೂ ಕೈ ಖಾಲಿ ಬೇಕು.