ಚಾಂದನಿಯ ವಿಷಯ ಕೇಳಿದೆಯಲ್ಲ

ಮಂಡ್ಯ
1945, ಮಾಘ ಮಾಸ

ಪ್ರೀತಿಯ ಹಬೀಬುನ್ನೀಸಾ,

ನಾವು ಮಾರಿದ ಕುದುರೆ ಚಾಂದನಿ ಎಲ್ಲಿದ್ದಾಳೆ, ಹೇಗಿದ್ದಾಳೆ, ಒಂದು ಸಲ ನೋಡಿ ಬರೆ ಎಂದು ನೀನು ಚನ್ನಪಟ್ಟಣದಿಂದ ಹೇಳಿಕಳಿಸಿ ತಿಂಗಳಾಗುತ್ತ ಬಂತು. ನೋಡಿ ಬಂದೆ. ಬರೆಯುವುದಕ್ಕೆ ಮಾತ್ರ ಕೈ ಏಳಲಿಲ್ಲ. ಈ ಕಾಗದವನ್ನು ನೀನೊಬ್ಬಳೇ ಓದಿಕೋ, ನಿನ್ನ ಮನೆಯವರು ಶಫೀವುಲ್ಲಾ ಅವರ ಮುಂದೆ ಗಟ್ಟಿಯಾಗಿ ಓದಬೇಡ. ಮದ್ದೂರಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ಕಲಿತೆವು. ಆಮೇಲೆ ನನ್ನನ್ನು ಮೈಸೂರಿನ ಇಂಗ್ಲಿಷ್ ಶಾಲೆಗೆ ಹಾಕಿದರು, ನಿನ್ನನ್ನು ಜಟಕಾ ಓಡಿಸುವವರ ಮನೆಗೆ ಕೊಟ್ಟರು. ನನ್ನ ಓದು ನಿನಗೆ ಎಂದಾದರೂ ಪ್ರಯೋಜನಕ್ಕೆ ಬಂದೀತು ಎಂದುಕೊಂಡಿದ್ದೆ. ಕೊನೆಗೆ ಬಂದದ್ದು ಇದಕ್ಕೆ.

ಯುದ್ಧನಿಧಿಗೆಂದು ಮಂಡ್ಯದ ಮೈದಾನದಲ್ಲಿ ಕುದುರೆ ಜಿಗಿತದ ಪಂದ್ಯ ಇಟ್ಟಿದ್ದರಲ್ಲ, ಅದರ ಕಮಿಟಿಯಲ್ಲಿ ನಾನೊಬ್ಬಳೇ ಹೆಂಗಸು. ಅದರ ಹಿಂದಿನ ವರ್ಷ ಸವಾರರ ಬೂಟಿನ ಮುಳ್ಳು ತಾಗಿ ಒಂದು ಕುದುರೆಯ ಪಕ್ಕೆ ಸೀಳಿದ್ದನ್ನು ಕಣ್ಣಾರೆ ನೋಡಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು, ಅದು ರಕ್ತ ಸುರಿಸಿಕೊಂಡು ನಿಂತಿತ್ತು. ಅದಕ್ಕೇ ಈ ನಿಯಮ ಬಂದದ್ದು: ಓಟ ಮುಗಿದ ಮೇಲೆ ತೀರ್ಪುಗಾರರು ಬಿಳಿ ಬಟ್ಟೆಯಿಂದ ಕುದುರೆಯ ಎರಡೂ ಪಕ್ಕೆ ಒರೆಸಬೇಕು, ಬಟ್ಟೆ ಕೆಂಪಾದರೆ ಆ ಕುದುರೆ ಪಂದ್ಯದಿಂದ ಹೊರಗೆ. ಅದು ಬೇಕೆಂದವರಲ್ಲಿ ನಾನೂ ಇದ್ದೆ. ಇಷ್ಟೆಲ್ಲ ಆದ ಮೇಲೂ ಅಂಥ ನಿಯಮ ಬೇಡ ಎನ್ನುವ ಧೈರ್ಯ ನನಗಿಲ್ಲ, ಹಬೀಬಾ. ಸೀಳಿದ ಆ ಪಕ್ಕೆಯೂ ಕಣ್ಣ ಮುಂದೆ ಬರುತ್ತದೆ.

ನಿನ್ನ ಮನೆಯವರು ಮೊದಲು ಕುದುರೆ ಪಡೆಯಲ್ಲಿ ಲಾಯ ನೋಡಿಕೊಂಡಿದ್ದವರು, ಜಿಗಿತ ಬಲ್ಲವರು. ಊರವರ ಕುದುರೆಗಳಿಗೂ ಅವಕಾಶ ಉಂಟು ಎಂದು ನಾನು ಹೇಳಿದಾಗ ಅವರ ಮುಖ ಅರಳಿದ್ದು ನೆನಪಿದೆಯೆ? ಪಂದ್ಯದ ಹಿಂದಿನ ರಾತ್ರಿ ನೀನು ಮದರಂಗಿ ಅರೆದು ಚಾಂದನಿಯ ಕಾಲಿಗೆ, ಬಾಲಕ್ಕೆ ಹಚ್ಚಿದೆ. ಅಂಗೈಗೂ ಬಳಿದುಕೊಂಡು ಅವಳ ಎರಡು ಪಕ್ಕೆಯ ಮೇಲೂ ಅಚ್ಚು ಒತ್ತಿದೆ. ನಿಮ್ಮಲ್ಲಿ ಹಬ್ಬಕ್ಕೆ, ಮದುವೆಗೆ ಬಿಳಿ ಕುದುರೆಗೆ ಹೀಗೆ ಮಾಡುವುದು ವಾಡಿಕೆ. ನಾನು ನಕ್ಕಿದ್ದಕ್ಕೆ ನೀನು, "ಏನು ನಗ್ತೀಯ ಮಂಗಳಾ? ನಿಮ್ಮ ಮನೆ ಹೆಣ್ಣು ಬೋಳು ಕೈಯಲ್ಲಿ ಹಸೆಗೆ ಕೂತ್ಕೊತಾಳಾ?" ಎಂದು ನನ್ನನ್ನೇ ಬೈದೆ. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಸರಿಯಾಗಿ ತೊಳೆಯಲಿಲ್ಲ. ತೊಳೆಯಬೇಕೆಂದು ನಮಗಿಬ್ಬರಿಗೂ ಹೊಳೆಯಲೂ ಇಲ್ಲ. ಶೃಂಗಾರವನ್ನು ಯಾರಾದರೂ ಗಾಯ ಎಂದುಕೊಂಡಾರೆಂದು ಯಾರಿಗೆ ತೋಚೀತು?

ಮೈದಾನದಲ್ಲಿ ನೀನು ಪರದೆ ಕಟ್ಟಿದ ಗಾಡಿಯೊಳಗಿದ್ದೆ, ನಿನಗೆ ಪೂರ್ತಿ ಕಂಡಿರಲಿಕ್ಕಿಲ್ಲ. ಹಗ್ಗದಾಚೆ ಕೊಪ್ಪದ ಕಡೆಯ ಹುಡುಗರು, "ಲೇ, ಜಟಕಾ ಕುದ್ರೆ ಎಗರ್ತದಂತೆ ಕಣ್ಲಾ! ಎಗರಿ ಸೀದಾ ಟೇಸನ್‌ಗೇ ಓಯ್ತದೆ, ನೋಡ್ತಿರು" ಎಂದು ಕುಶಾಲು ಮಾಡುತ್ತಿದ್ದರು. ಚಾಂದನಿ ಅಡ್ಡ ಕಟ್ಟಿದ ಮೊದಲ ಗಳು ದಾಟಿದಾಗ ಸುಮ್ಮನಾದರು. ನೀರಿನ ಗುಂಡಿ ದಾಟಿದಾಗ ಅವರೇ ಟವೆಲು ಬೀಸಿ ಕೂಗಿದರು. ಒಂದು ಗಳುವೂ ಬೀಳಲಿಲ್ಲ. ಸವಾರಿ ಮಾಡುತ್ತಿದ್ದ ಶಫೀವುಲ್ಲಾ ಅವರ ಕೈಯಲ್ಲಿ ಚಾಟಿಯೇ ಇರಲಿಲ್ಲ, ಕಾಲಿನಲ್ಲಿ ಬೂಟೂ ಇರಲಿಲ್ಲ.

ಆಮೇಲೆ ತೀರ್ಪುಗಾರರು ಒರೆಸಿದರು. ಬೆವರಿಗೆ ನಿನ್ನ ಅಂಗೈ ಅಚ್ಚು ಕಲಸಿಹೋಗಿ ಸವಾರನ ಹಿಮ್ಮಡಿ ತಾಗುವ ಕಡೆಯೇ ಇಳಿದಿತ್ತು. ಬಟ್ಟೆ ಕೆಂಪಾಯಿತು. ನಾನು ಓಡಿಹೋಗಿ, ಅದು ಮದರಂಗಿ, ಮೂಸಿ ನೋಡಿ, ಚರ್ಮ ನೋಡಿ, ಗಾಯವೇ ಇಲ್ಲ ಎಂದೆ. ಅವರು ಬಹಳ ಮರ್ಯಾದೆಯಿಂದ, "ನಿಯಮ ಬಟ್ಟೆಯನ್ನು ನೋಡು ಅನ್ನುತ್ತೆ ತಾಯಿ, ಚರ್ಮವನ್ನಲ್ಲ. ಇವರಿಗೆ ಬಿಟ್ಟರೆ ನಾಳೆ ಎಲ್ಲರೂ ಮದರಂಗಿ ಅಂತಾರೆ" ಎಂದರು. ನಿಜವಾಗಿಯೂ ಎಲ್ಲರೂ ಮದರಂಗಿ ಎನ್ನುತ್ತಿದ್ದರೋ ಏನೋ.

ಆದರೆ ಇನ್ನೊಂದು ಮಾತಿದೆ. ಅದೇ ಬೆಳಿಗ್ಗೆ ಡೇರೆಗಳ ಹಿಂದೆ, ಆಮೇಲೆ ಗೆದ್ದ ಕುದುರೆಯನ್ನು ಅಭ್ಯಾಸಕ್ಕೆ ಜಿಗಿಸುತ್ತಿದ್ದರು. ಅದು ಮೇಲೆದ್ದಾಗಲೆಲ್ಲ ಇಬ್ಬರು ಆಳುಗಳು ಬಿದಿರಿನ ಗಳು ಎತ್ತಿ ಅದರ ಮುಂಗಾಲಿನ ಮೂಳೆಗೆ ಫಟ್ಟನೆ ಬಡಿಯುತ್ತಿದ್ದರು. ನೋವಿನ ಹೆದರಿಕೆಗೆ ಪಂದ್ಯದಲ್ಲಿ ಅದು ಕಾಲನ್ನು ಇನ್ನಷ್ಟು ಮೇಲೆತ್ತಬೇಕು, ಅದಕ್ಕಾಗಿ. ಚಾಂದನಿಯನ್ನು ಹೊರಗಿಟ್ಟ ಮೇಲೆ ಇದನ್ನೂ ಕಮಿಟಿಯ ಮುಂದೆ ಹೇಳಿದೆ. "ರಕ್ತ ಬಂತೇ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತಿನ್ನೇನು?" ಎಂದರು. ಬಹುಮಾನ ಕೊಟ್ಟರು, ಬ್ಯಾಂಡು ಬಾರಿಸಿದರು.

ನಿಮಗೆ ಪಂದ್ಯವೊಂದೇ ತಪ್ಪಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಕ್ರೌರ್ಯಕ್ಕಾಗಿ ಹೊರಗೆ ಎಂದು ಬಾಯಿಗೆ ಕಹಳೆ ಹಿಡಿದು ಮೈದಾನಕ್ಕೆಲ್ಲ ಕೂಗಿ ಹೇಳಿದರು. ಅದನ್ನು ಕೇಳಿಸಿಕೊಂಡವರೇ ಜಟಕಾ ಪರವಾನಗಿ ಕೊಡುವ ಮೇಜಿನ ಹಿಂದೆ ಕೂತಿದ್ದರು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತಿದ್ದ ಕಾಲ, ಮದ್ದೂರು ಸ್ಟೇಷನ್ನಿನಲ್ಲಿ ಜಟಕಾಕ್ಕೆ ಜನ ಕಾದು ನಿಲ್ಲುತ್ತಿದ್ದರು. ಆ ಕಾಲದಲ್ಲೇ ಪರವಾನಗಿ ರದ್ದಾಗಿ ನಿಮ್ಮ ಗಾಡಿಯ ಮೂಕಿ ನೆಲ ಕಚ್ಚಿತು. ನಾನು ಅರ್ಜಿ ಬರೆದೆ, ಅಲೆದೆ, ಇಂಗ್ಲಿಷಿನಲ್ಲಿ ವಾದಿಸಿದೆ. ಚಾಂದನಿಯನ್ನು ಮಾರಿ ನೀವು ಚನ್ನಪಟ್ಟಣದಲ್ಲಿ ನಿನ್ನ ಅಣ್ಣನ ಆಶ್ರಯಕ್ಕೆ ಹೋದಿರಿ. ಶಫೀವುಲ್ಲಾ ಅವರು ಈಗ ಬೊಂಬೆಗೆ ಮರ ಕುಯ್ಯುತ್ತಾರೆ, ಕುದುರೆಬೊಂಬೆ ಮಾತ್ರ ಮುಟ್ಟುವುದಿಲ್ಲ ಎಂದು ಕೇಳಿದೆ.

ಇನ್ನು ನೀನು ಕೇಳಿದ್ದು. ಅವಳು ಕೈಯಿಂದ ಕೈಗೆ ಹೋಗಿ ಮಳವಳ್ಳಿಯಲ್ಲಿ ಪುಟ್ಟಮಾದಯ್ಯ ಎಂಬವರ ಇಟ್ಟಿಗೆ ಗೂಡು ಸೇರಿದ್ದಳು. ನಾನು ಹೋದಾಗ ಕೆರೆ ಏರಿಯ ಇಳಿಜಾರಿನಲ್ಲಿ ಮಲಗಿದ್ದಳು. ಇಳಿಯುವಾಗ ಇಟ್ಟಿಗೆ ತುಂಬಿದ ಗಾಡಿ ಹಿಂದಿನಿಂದ ತಳ್ಳಿಕೊಂಡು ಬಂದು ಹಿಂದಿನ ದಿನ ಅವಳ ಮುಂಗಾಲು ಮುರಿದಿತ್ತು. ಹೆಗಲಿನಲ್ಲಿ ನಿಜವಾದ ಹುಣ್ಣು, ನಿಜವಾದ ರಕ್ತ, ನೊಣ. ಅಲ್ಲಿಗೆ ಬಿಳಿ ಬಟ್ಟೆ ಹಿಡಿದು ಬರುವವರು ಯಾರೂ ಇರಲಿಲ್ಲ. ನಮ್ಮ ದಯೆಯೆಲ್ಲ ಮೈದಾನದ ಹಗ್ಗದೊಳಗೇ ಮುಗಿದಿತ್ತು.

ಪುಟ್ಟಮಾದಯ್ಯ ಕೆಟ್ಟವರೆಂದು ಹೇಳಲಾರೆ. "ಎದ್ರೆ ನೀವೇ ಒಡ್ಕೊಂಡೋಗಿ ಕಣಮ್ಮ, ನಾ ಬ್ಯಾಡ ಅನ್ನಾಕಿಲ್ಲ. ರಾತ್ರಿಯಿಂದ ನೀರು ಕುಡಿಸ್ತಾ ಕುಂತಿವ್ನಿ. ಏಳಾಕಿಲ್ಲ ಅಂತದೆ, ನಾನೇನ್ ಮಾಡ್ಲಿ?" ಎಂದರು. ನಾನು ಕರೆಸಿದ ಪಶುವೈದ್ಯರು ಮೂಳೆ ಮುಟ್ಟಿ ನೋಡಿ ತಲೆಯಾಡಿಸಿದರು. ಕುದುರೆಯ ಕಡೆಯವರು ಒಪ್ಪಿದರೆ ಮಾತ್ರ ಗುಂಡು ಹಾಕಬಹುದು ಎಂದರು. ಪುಟ್ಟಮಾದಯ್ಯ, "ನನ್ ಬಾಯಲ್ಲಿ ಬರಾಕಿಲ್ಲ ಬುಡಿ. ಓದಿದೋರು ನೀವೇ ಊಂ ಅನ್ನಿ" ಎಂದು ಮುಖ ತಿರುಗಿಸಿಕೊಂಡರು.

ಒಪ್ಪಬೇಕಾದವಳು ನೀನು. ನೀನು ಚನ್ನಪಟ್ಟಣದಲ್ಲಿದ್ದೆ, ಅವಳು ಉಸಿರಿಗೊಮ್ಮೆ ನರಳುತ್ತಿದ್ದಳು. ನಾನು ಹೂಂ ಎಂದೆ. ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನಿನ್ನ ಹೆಸರು ಹೇಳಿದೆ, ಆಮೇಲೆ ವೈದ್ಯರು ನನ್ನನ್ನು ಎಬ್ಬಿಸಿ ದೂರ ಕಳಿಸಿದರು. ಜನರನ್ನು ಸರಿಸಿ, ಜಾಗ ಗುರುತಿಸಿ, ಒಂದೇ ಗುಂಡಿನಲ್ಲಿ ಮುಗಿಸಿದರು. ಎಲ್ಲವನ್ನೂ ನಿಯಮದಂತೆ ಮಾಡಿದರು, ಹಬೀಬಾ, ಒಂದಿಷ್ಟೂ ಲೋಪವಿಲ್ಲದೆ. ಬದುಕಿದ್ದಷ್ಟು ದಿನ ಅವಳಿಗೆ ಸಿಗದ ನ್ಯಾಯವನ್ನು ಸಾಯಿಸುವಾಗ ಪೂರ್ತಿಯಾಗಿ ಕೊಟ್ಟರು.

ನನ್ನ ಹೂಂ ಸರಿಯೋ ತಪ್ಪೋ ನೀನೇ ಹೇಳಬೇಕು. ಹೇಳದಿದ್ದರೂ ನಾನು ಕೇಳಲಾರೆ. ಅಲ್ಲಾಹು ನಿನಗೆ ಇದನ್ನು ತಡೆಯುವ ಶಕ್ತಿ ಕೊಡಲಿ, ನಿನ್ನ ಮನೆಯವರನ್ನು ತಣ್ಣಗಿಟ್ಟಿರಲಿ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ಮಂಗಳಾ