ಗ್ಯಾಲರಿಗೆ ಬಿದ್ದ ಬೀಗ

ಅಕ್ಕಾ,

ನಾಳೆ ಹೊಸ ಕ್ರೀಡಾಂಗಣದಲ್ಲಿ ಪಂದ್ಯ ಇಲ್ಲ. ನೋಡೋಕೆ ಕಾಯುತ್ತಿದ್ದ ನಿನ್ನ ಮಗಳಿಗೆ ನೀನೇ ಸಮಾಧಾನ ಹೇಳು. ನಿಲ್ಲಿಸಿದ್ದು ಚಿಕ್ಕಮ್ಮ ಅಂತ ಮಾತ್ರ ಈಗಲೇ ಹೇಳಬೇಡ.

ಅದನ್ನು ಕಟ್ಟಿದ ಕಂಟ್ರಾಕ್ಟರಿಗೂ ಮಾಲೀಕರಿಗೂ ನಾನು ಸಂಧಾನ ಮಾಡಿಸುತ್ತಿರುವುದು ನಿನಗೆ ಗೊತ್ತು. ಮುಖ ನೋಡಲ್ಲ ಅಂತ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದರು. ಒಂದು ಕೋಣೆಯಲ್ಲಿ ಗುಟ್ಟಾಗಿ ಹೇಳಿದ್ದನ್ನು ನಾನು ಹೊರಗೆ ಬಾಯಿಬಿಡುವಂತಿಲ್ಲ; ಹಾಗಂತ ಇಬ್ಬರಿಗೂ ಮೊದಲೇ ಮಾತು ಕೊಟ್ಟಿದ್ದೆ.

ಬೆಳಿಗ್ಗೆ ಕಂಟ್ರಾಕ್ಟರ್ ಬಾಗಿಲು ಮುಚ್ಚಿ, "ಜನ ಕೂರೋ ಗ್ಯಾಲರಿಗೆ ಕಬ್ಬಿಣ ಕಮ್ಮಿ ಹಾಕಿದೀವಿ ಮೇಡಂ. ತುಂಬಿದರೆ ನಿಲ್ಲುತ್ತೋ ಇಲ್ಲವೋ" ಅಂದರು.

"ಮಾಲೀಕರಿಗೆ ಹೇಳಿ" ಅಂದೆ.

"ಹೇಳಿದರೆ ನಾನು ಮುಳುಗಿಹೋಗ್ತೀನಿ. ನೀವೂ ಹೇಳೋ ಹಾಗಿಲ್ಲ."

ಆಮೇಲೆ ಮಗಳನ್ನು ಕಳಿಸಬೇಡ ಅಂತ ನಿನಗೆ ಫೋನ್ ಮಾಡಲು ಹೋದೆ. ಮಿಕ್ಕ ಮಕ್ಕಳ ಮನೆಗೆ ಯಾರು ಫೋನ್ ಮಾಡುತ್ತಾರೆ ಅನ್ನಿಸಿ ಕೈ ನಿಂತಿತು. ಕಂಟ್ರಾಕ್ಟರಿಗೆ ತಿಳಿಸಿಯೇ ನಗರಸಭೆಗೆ ಹೋಗಿ ಎಲ್ಲ ಹೇಳಿದೆ. ಸಂಜೆಯೊಳಗೆ ಬೀಗ ಬಿತ್ತು.

ಗುಟ್ಟು ಒಡೆದೆ ಅಂತ ಕಂಟ್ರಾಕ್ಟರಿಗೆ ಸಿಟ್ಟು, ಬೀಗ ಬೀಳಿಸಿದೆ ಅಂತ ಮಾಲೀಕರಿಗೆ; ಈಗ ಅವರಿಬ್ಬರೂ ಒಂದೇ ಮೇಜಿಗೆ ಕೂತು ನನ್ನ ಮೇಲೆ ದೂರು ಬರೆಸುತ್ತಿದ್ದಾರಂತೆ. ಇನ್ನು ಈ ಕೆಲಸ ನನಗೆ ಉಳಿಯಲಾರದು.

ಭಾನುವಾರ ಮನೆಯಲ್ಲೇ ಇರು, ಬರುತ್ತೇನೆ. ಒಳ್ಳೇದು ಮಾಡಿದೆ ಅನ್ನಬೇಡ. ಕೊಟ್ಟ ಮಾತು ಮುರಿದಿದ್ದೇನೆ. ಸುಮ್ಮನೆ ಪಕ್ಕದಲ್ಲಿ ಕೂತಿರು.

ನಿನ್ನ ತಂಗಿ