ಆನೆ ಬೀಳುವ ಆಟ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಕಾದರೆ ಬೈ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಶಾಲೆಯ ಕೆಲಸ ಬಿಟ್ಟು ಮಕ್ಕಳ ವಿಡಿಯೊ ಗೇಮ್ ಮಾಡುವ ಕಂಪನಿಗೆ ಸೇರಿದಾಗ 'ಸೀಮೆಸುಣ್ಣದ ಧೂಳು ತಪ್ಪಿತು, ಬದುಕಿದೆ' ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಆಟ ಆಡಿದ ಮಗುವಿಗೆ ಏನು ಬರಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಅರ್ಧ ದೊಡ್ಡದೋ, ಮೂರನೇ ಒಂದು ಭಾಗ ದೊಡ್ಡದೋ ಹೇಳಲು ಬರಬೇಕು ಎಂದು ಬರೆದುಕೊಟ್ಟೆ. ನಮ್ಮ ವಿನ್ಯಾಸಗಾರ ಹೊಳೆ ದಾಟುವ ಆನೆಯನ್ನು ಮಾಡಿದ. ದೊಡ್ಡ ಭಾಗ ಬರೆದ ಹಲಗೆ ಒತ್ತಿದರೆ ಆನೆ ದಾಟುತ್ತದೆ, ಒಂದು ನಕ್ಷತ್ರ ಬರುತ್ತದೆ, ಮುಗಿಯಿತು. ತಪ್ಪು ಹಲಗೆ ಒತ್ತಿದರೋ, ಆನೆ ದಬಕ್ಕನೆ ನೀರಿಗೆ ಬಿದ್ದು, ಘೀಳಿಟ್ಟು, ಪರದೆ ತುಂಬ ನೀರೆರಚಿ, ತಲೆಯ ಮೇಲೊಂದು ಮೀನು ಹೊತ್ತು ಎದ್ದು ಬರುತ್ತದೆ.

ಮೊನ್ನೆ ಇಪ್ಪತ್ತು ಮಕ್ಕಳನ್ನು ಕೂರಿಸಿ ಆಡಿಸಿದೆವು. ಎರಡೇ ನಿಮಿಷಕ್ಕೆ ಗುಟ್ಟು ಹಿಡಿದುಬಿಟ್ಟರು. ಬೇಕೆಂದೇ ತಪ್ಪು ಒತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಷತ್ರ ಯಾರಿಗೂ ಬೇಡ.

"ಬೀಳೋದನ್ನ ಸಪ್ಪೆ ಮಾಡಿ, ದಾಟೋದ್ರಲ್ಲಿ ಮಜಾ ಇಡಿ" ಎಂದೆ. "ಆ ಮೀನಿಗೇ ಮೂರು ವಾರ ಹಿಡಿದಿದೆ ಮೇಡಂ" ಎಂದು ವಿನ್ಯಾಸಗಾರ ಮುಖ ಊದಿಸಿಕೊಂಡ. "ಮಕ್ಕಳು ಆಟ ಬಿಟ್ಟು ಏಳ್ತಾನೇ ಇಲ್ಲ, ಇನ್ನೇನು ಬೇಕು ನಿಮಗೆ?" ಎಂದರು ಮ್ಯಾನೇಜರ್. ಕಲಿಕೆ ಬೇಕು ಸ್ವಾಮಿ ಎಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. 'ಕಲಿಕೆಯ ಗುರಿ ಮುಟ್ಟಿದೆ' ಎಂಬ ಕಾಗದಕ್ಕೆ ನಾಳೆ ನಾನು ಸಹಿ ಹಾಕಬೇಕಂತೆ. ಹಾಕುವುದಿಲ್ಲ, ಕೆಲಸ ಹೋದರೆ ಹೋಗಲಿ.

ನನ್ನ ಮಗಳ ಲೆಕ್ಕದ ಬಗ್ಗೆ ನೀನು ಕೇಳಿದ್ದೆಯಲ್ಲ. ಹಳೆಯ ರಾಗವೇ. ಶಾಲೆಯಲ್ಲಿ ಸರಿ ಮಾಡುತ್ತಾಳಂತೆ, ಮನೆಯಲ್ಲಿ ಹತ್ತಕ್ಕೆ ಆರು ತಪ್ಪು. ಸಂಜೆಯೆಲ್ಲ ಪಕ್ಕದಲ್ಲಿ ಕೂತು ತಿದ್ದಿ ತಿದ್ದಿ ಸಾಕಾಗಿದೆ. ದೀಪದ ಕೆಳಗೇ ಕತ್ತಲೆ, ಇನ್ನೇನು ಹೇಳಲಿ.

ಭಾವನಿಗೆ ನಮಸ್ಕಾರ ತಿಳಿಸು. ನಾಳೆಯ ಜಗಳಕ್ಕೆ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ

ತಾ.ಕ. ಲಕೋಟೆ ಅಂಟಿಸುವ ಮುಂಚೆ ಇದೊಂದನ್ನು ಬರೆಯದೆ ಇರಲಾಗುತ್ತಿಲ್ಲ. ಈಗಷ್ಟೇ ಮಗಳ ಮುಂದೆ ಆನೆಯ ವಿಷಯ ಗೊಣಗಿದೆ. ಬೇಕೆಂದೇ ತಪ್ಪು ಮಾಡುವ ಮಕ್ಕಳನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ನಾನೂ ಹಾಗೇ ಮಾಡ್ತೀನಲ್ಲ ಅಮ್ಮ. ಎಲ್ಲಾ ಸರಿ ಇದ್ರೆ 'ಜಾಣೆ' ಅಂದು ಎದ್ದು ಹೋಗ್ತೀಯ. ತಪ್ಪಿದ್ರೆ ಪಕ್ಕದಲ್ಲೇ ಕೂತಿರ್ತೀಯ."

ಎರಡು ವರ್ಷದಿಂದ ಅವಳನ್ನು ದಡ್ಡಿ ಎಂದು ಬೈಯುತ್ತಾ ಬಂದಿದ್ದೇನೆ, ಅಕ್ಕ.